ದುರ್ಗಕ್ಕನನ್ನು ಮುಟ್ಟದ ಕಾಗೆ

ತಾನು ಸತ್ತ ಸುದ್ದಿ ದುರ್ಗಕ್ಕನಿಗೆ ತಲುಪಿದ್ದು ಬಾಣಲೆಯಲ್ಲಿ ಮಿರ್ಚಿ ಬಜ್ಜಿ ತೇಲುತ್ತಿದ್ದಾಗ. ಸುದ್ದಿ ತಂದವನು ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಓಬಳೇಶ.

"ಅಕ್ಕ, ಸಿಟ್ಟು ಮಾಡ್ಕೋಬ್ಯಾಡ. ನಿನ್ನ ಮಗ ಬಂದಾನ ನೋಡು ಫೋನಿನ್ಯಾಗ."

ಮಗ ಬಂದಿದ್ದಾನೆ ಎಂದರೆ ಯಾವ ತಾಯಿ ಸಿಟ್ಟಾಗುತ್ತಾಳೆ? ದುರ್ಗಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ನೀಲಿ ನೀರಿನ ಕೊಳದ ದಂಡೆಯ ಮೇಲೆ ಮಗ ಕಿರಣ್ ಕುಮಾರ್ ಕಾಲು ಇಳಿಬಿಟ್ಟು ಕೂತಿದ್ದ. ಪಕ್ಕದಲ್ಲಿ ಶ್ರೀವಾಣಿ ಎಂಬ ಹುಡುಗಿ. ಅವನು ಹುಟ್ಟಿದಾಗಿನಿಂದ ಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ ಹೇಳುತ್ತಿದ್ದ: "ನಂಗೆ ಅಮ್ಮ ಇಲ್ಲ ಶ್ರೀ. ನಾನು ಚಿಕ್ಕವನಿದ್ದಾಗಲೇ ಹೋಗ್ಬಿಟ್ರು. ಅಮ್ಮನ ಕೈತುತ್ತು ಹೇಗಿರುತ್ತೆ ಅಂತಾನೇ ನಂಗೆ ಗೊತ್ತಿಲ್ಲ." ಹುಡುಗಿ ಬಾಯಿ ಮುಚ್ಚಿಕೊಂಡು ಅತ್ತಳು. ಹಿಂದಿನಿಂದ ಯಾರೋ ಕೊಳಲು ಊದಿದರು.

ಬಾಣಲೆಯಲ್ಲಿ ಮಿರ್ಚಿ ಕರ್ರಗಾದವು. ದುರ್ಗಕ್ಕನ ಕೈಯಲ್ಲಿ ಹೀಗೆ ಮಿರ್ಚಿ ಸುಟ್ಟದ್ದನ್ನು ಕಡ್ಡಿರಾಂಪುರ ಅದುವರೆಗೆ ಕಂಡಿರಲಿಲ್ಲ.

ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸುಗಳು ನಿಲ್ಲುವ ಜಾಗದ ಎದುರಿಗೆ ಆಕೆಯದೊಂದು ತಗಡಿನ ಹೋಟೆಲು. ಬೆಳಿಗ್ಗೆ ಇಡ್ಲಿ, ಆಮೇಲೆ ದಿನವಿಡೀ ಮಂಡಕ್ಕಿ ವಗ್ಗರಣಿ, ಮಿರ್ಚಿ. ಹಂಪಿ ನೋಡಲು ಬಂದ ಬಿಳಿಯರು, ಬಾಳೆತೋಟದ ಆಳುಗಳು, ಆಟೋದವರು, ಎಲ್ಲರಿಗೂ ಒಂದೇ ಬೆಂಚು, ಒಂದೇ ಬೈಗುಳ. ಆಕೆಯ ನಾಲಿಗೆ ಮಿರ್ಚಿಗಿಂತ ಖಾರ ಎಂದು ಜನ ಹೇಳುತ್ತಿದ್ದರು. ಹೇಳಿ, ಮತ್ತೆ ಅಲ್ಲಿಗೇ ಬರುತ್ತಿದ್ದರು. ಗಂಡ ಹುಸೇನಪ್ಪ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನು. ಧೂಳು ನುಂಗಿ ನುಂಗಿ ಒಂದು ದಿನ ಉಸಿರು ಬಿಟ್ಟ. ಆಗ ಕಿರಣ್ ಹೈಸ್ಕೂಲು. ಅಲ್ಲಿಂದ ಮುಂದೆ ಆ ಹುಡುಗ ತಿಂದ ಪ್ರತಿ ತುತ್ತೂ ಈ ಬಾಣಲೆಯ ಮುಂದೆ ಬೆಂದ ಕೈಯದು.

ಹುಡುಗ ಕೆಟ್ಟವನಲ್ಲ. ಹೋಂಸ್ಟೇಯೊಂದರಲ್ಲಿ ಕೆಲಸ ಮಾಡಿಕೊಂಡು, ಬಿಡುವಿದ್ದಾಗ ಹಂಪಿಯ ಬಂಡೆಗಳ ಮೇಲೆ ಹತ್ತಿ ವಿಡಿಯೊ ಮಾಡಿ ಹಾಕುತ್ತಿದ್ದ. ಅದನ್ನು ನೋಡಿ 'ಒಲವಿನ ಅಂಗಳ' ಎಂಬ ಶೋದವರು ಕರೆದರು. ಮದುವೆಯಾಗದ ಹುಡುಗ ಹುಡುಗಿಯರನ್ನು ಒಂದು ಬಂಗಲೆಯಲ್ಲಿ ಕೂಡಿಹಾಕುತ್ತಾರೆ. ಅವರು ಪ್ರೀತಿ ಮಾಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಅಳುತ್ತಾರೆ. ಮನೆಯಲ್ಲಿ ಕೂತ ಜನ ಫೋನಿನಲ್ಲಿ ವೋಟು ಹಾಕಿ ಯಾರ ಪ್ರೀತಿ ಖರೆ, ಯಾರದು ಸುಳ್ಳು ಎಂದು ತೀರ್ಪು ಕೊಡುತ್ತಾರೆ. ಪ್ರೀತಿಗೂ ಎಲೆಕ್ಷನ್ ಬಂತಲ್ಲ ಎಂದು ದುರ್ಗಕ್ಕ ಗೊಣಗಿದ್ದಳು. ಗೊಣಗುತ್ತಲೇ ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಆ ರೊಟ್ಟಿ ತಿಂದ ಬಾಯಲ್ಲೇ ಈ ಮಾತು ಬಂದಿತ್ತು.

ಬಂಗಲೆಯಲ್ಲಿ ಫೋನು ಕಸಿದುಕೊಂಡಿರುತ್ತಾರೆ, ಭಾನುವಾರ ಮಾತ್ರ ಕೊಡುತ್ತಾರೆ. ಆ ಭಾನುವಾರ ಮಗನ ಫೋನು ಬಂದದ್ದೇ ತಡ, ದುರ್ಗಕ್ಕ ಹಲೋ ಎನ್ನಲಿಲ್ಲ.

"ಯಾವಾಗ ಸತ್ತೆನಲೇ ನಾನು? ನಂಗ ಒಂದು ಮಾತು ಹೇಳಬಾರದಿತ್ತೇನು?"

"ಅವ್ವ, ಅದು ಸ್ಟೋರಿ. ಇಲ್ಲಿ ಎಲ್ಲಾರಿಗೂ ಒಂದು ದುಃಖ ಬೇಕಾಗತೈತಿ. ಇಲ್ಲಾಂದ್ರ ವೋಟು ಬೀಳಂಗಿಲ್ಲ."

"ದುಃಖ ಬೇಕಿದ್ರ ನಿಮ್ಮಪ್ಪ ಸತ್ತಿದ್ದಿಲ್ಲೇನು? ಅದನ್ನ ಹೇಳಬೇಕಿತ್ತು."

"ತನ್ನ ಅಪ್ಪ ಸತ್ತದ್ದನ್ನ ಮೊದ್ಲ ಬ್ಯಾರೆ ಹುಡುಗ ಹೇಳಿಬಿಟ್ಟಿದ್ದ ಅವ್ವ. ಎರಡೂ ಒಂದ ಆದ್ರ ಜನಕ್ಕ ಬೋರ್ ಆಗತೈತಂತ. ಶೋ ನಡಸೋ ಮೇಡಂ, ಬ್ಯಾರೆ ಏನರ ಐತೇನು ಅಂದ್ರು."

ಬೇರೆ ಏನಾದರೂ ಎಂದರೆ ಅವ್ವ! ನಿಜವಾಗಿ ಸತ್ತವನು ಲೆಕ್ಕಕ್ಕಿಲ್ಲ, ಬದುಕಿದ್ದವಳನ್ನು ಚಟ್ಟಕ್ಕೆ ಏರಿಸಿ ಆಯಿತು. ಅಪ್ಪ ಹೋದ ದಿನ ಇದೇ ಹುಡುಗ ಬಾಗಿಲ ಚೌಕಟ್ಟು ಹಿಡಿದು ಬಿಡದೆ ಅತ್ತದ್ದು ದುರ್ಗಕ್ಕನ ಕಣ್ಣ ಮುಂದೆ ಬಂತು. ಆ ಅಳು ಯಾರಿಗೂ ಬೇಡವಾಗಿತ್ತು. ಅಷ್ಟರಲ್ಲಿ ಅತ್ತಲಿಂದ ಟೈಮ್ ಆಯಿತು ಎಂದು ಯಾರೋ ಫೋನು ಕಿತ್ತುಕೊಂಡರು.

ಊರು ಸುಮ್ಮನಿರುತ್ತದೆಯೇ? ಆಳಿಗೊಂದು ಕಲ್ಲು. "ದುರ್ಗಕ್ಕ, ದೆವ್ವಕ್ಕೂ ಮಿರ್ಚಿ ಕರಿಯಾಕ ಬರತೈತೇನು?" ಎಂದು ಆಟೋದವರು ಕೇಳಿದರು. "ಬರತೈತಿ, ನಿನ್ನ ನಾಲಿಗಿ ಕೊಡು, ಅದನ್ನೂ ಕರದು ಕೊಡ್ತೀನಿ," ಎಂದಳು. ನಗಿಸಿದರೆ ನಗುತ್ತಾರೆ, ಮರೆಯುತ್ತಾರೆ ಎಂದುಕೊಂಡಳು. ಕಂಪ್ಲಿಯಲ್ಲಿ ತನಗೊಬ್ಬ ಅಕ್ಕ ಇರುವುದನ್ನು ಆಕೆ ಮರೆತಿದ್ದಳು. ಮರೆತಿರಲಿಲ್ಲ, ಮಾತು ಬಿಟ್ಟಿದ್ದಳು.

ಅಕ್ಕ ಜಂಬವ್ವ. ಆಕೆಯ ಮಗಳ ಮದುವೆಯಲ್ಲಿ ಫೋಟೊ ತೆಗೆಯುವಾಗ ಎಲ್ಲರನ್ನೂ ಸ್ಟೇಜಿಗೆ ಕರೆದರು, ದುರ್ಗಕ್ಕನನ್ನು ಕರೆಯಲಿಲ್ಲ. ಆಕೆ ಊಟ ಬಿಟ್ಟು ಎದ್ದು ಬಂದಳು. ಅಂದಿನಿಂದ ಹೋಗಿಲ್ಲ, ಬಂದಿಲ್ಲ, ಫೋನಿಲ್ಲ. ಒಂದು ಫೋಟೊಗಾಗಿ ಒಡಹುಟ್ಟಿದವಳನ್ನು ಬಿಟ್ಟವಳು ಮಗನ ಹುಚ್ಚಿಗೆ ಬೈಯುತ್ತಾಳೆ ಎಂದು ಯಾರಾದರೂ ಅಂದರೆ, ಅದು ಬೇರೆ, ಇದು ಬೇರೆ ಎಂದು ಆಕೆ ಜಗಳಕ್ಕೆ ನಿಲ್ಲುತ್ತಿದ್ದಳು.

ಕಂಪ್ಲಿಯಲ್ಲಿ ಯಾರೋ ಜಂಬವ್ವನಿಗೆ ಆ ವಿಡಿಯೊ ತೋರಿಸಿದರು. ಹೆತ್ತ ಮಗನೇ ಹೇಳುತ್ತಿದ್ದಾನೆ, ಅವ್ವ ಇಲ್ಲ ಎಂದು. ಚಿಕ್ಕವನಿದ್ದಾಗ ಎಂದದ್ದು ಆಕೆಯ ಕಿವಿಗೆ ಬೀಳಲೇ ಇಲ್ಲ. 'ಇಲ್ಲ' ಎಂಬುದೇ ಸಾಕಾಯಿತು. ಮಾತು ಬಿಟ್ಟ ಸಿಟ್ಟಿಗೆ ತನಗೆ ಹೇಳಿ ಕಳಿಸಿಲ್ಲ, ಮಣ್ಣಿಗೂ ಕರೆಯಲಿಲ್ಲ ಎಂದುಕೊಂಡು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಹೊಸಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು. ಕಡ್ಡಿರಾಂಪುರದಲ್ಲಿ ಇಳಿದವಳೇ ನಡುರಸ್ತೆಯಲ್ಲಿ ಎದೆ ಬಡಿದುಕೊಂಡು ಅಳತೊಡಗಿದಳು. "ನನ್ನ ತಂಗೀ, ನನ್ನ ದುರ್ಗೀ, ಒಂದು ಫೋಟೊಕ್ಕ ನನ್ನ ಬಿಟ್ಟು ಹೋದ್ಯಲ್ಲೇ!"

ದುರ್ಗೀ ಜಾಲರಿ ಸೌಟು ಹಿಡಿದು ಎದುರಿಗೇ ನಿಂತಿದ್ದಳು.

ಜಂಬವ್ವನ ಅಳು ಅಲ್ಲೇ ನಿಂತಿತು. ತಂಗಿಯ ಮುಖ ನೋಡಿದಳು, ಸೌಟು ನೋಡಿದಳು, ಎಣ್ಣೆಯಲ್ಲಿ ಉಬ್ಬುತ್ತಿದ್ದ ಮಿರ್ಚಿ ನೋಡಿದಳು. ಆಮೇಲೆ ಬಂದ ಸಿಟ್ಟು ಮೊದಲು ಬಂದ ದುಃಖಕ್ಕಿಂತ ದೊಡ್ಡದು. "ಸತ್ತೀ ಅಂತ ಅಳಕೊಂತ ಬಂದ್ರ ಮಿರ್ಚಿ ಕರಿಯಾಕತ್ತೀಯೇನ! ಬಸ್ಸಿನ್ಯಾಗ ಎಷ್ಟು ಮಂದಿ ನನ್ನ ಸಮಾಧಾನ ಮಾಡಿದ್ರು ಗೊತ್ತೇನು? ನಾಚಿಕಿ ಆಗಂಗಿಲ್ಲೇನು ನಿನಗ? ಎಲ್ಲಿ ಅದಾನ ಆ ಸುಳ್ಳ?"

ಬೆಂಚಿನ ಮೇಲಿದ್ದವರೆಲ್ಲ ವಗ್ಗರಣಿ ಬಿಟ್ಟು ನೋಡುತ್ತಿದ್ದರು. ಓಬಳೇಶ ಫೋನು ಎತ್ತಿ ಹಿಡಿದಿದ್ದ. ಮಗ ಸುಳ್ಳ ಎಂದು ದಿನವೂ ಮನಸ್ಸಿನಲ್ಲಿ ನೂರು ಸಲ ಬೈದ ದುರ್ಗಕ್ಕ, ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳಿದೊಡನೆ ತಡೆಯಲಾರದೆ ಹೋದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿಲ್ಲ.

"ಅವನಿಗೆ ಯಾಕ ಬೈತಿ? ನಾನ ಹೇಳಂದಿದ್ದೆ. ನಂಗ ಕಾಗಿ ಮುಟ್ಟಿತ್ತು," ಎಂದುಬಿಟ್ಟಳು.

ಎಲ್ಲರೂ ಹಾಂ ಎಂದರು. ಕಾಗೆ ಬಂದು ತಲೆಗೆ ಬಡಿದರೆ ಮರಣದ ಸೂಚನೆ. ಅದು ಕಳೆಯಬೇಕಾದರೆ, ಬಡಿಸಿಕೊಂಡವರು ಸತ್ತರೆಂದು ದೂರದ ಬಳಗಕ್ಕೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಿ ಅಳಬೇಕು. ಆಮೇಲೆ ಸುಳ್ಳೆಂದು ತಿಳಿಸಬೇಕು. ಅತ್ತ ಕಣ್ಣೀರಿನಲ್ಲಿ ಗಂಡಾಂತರ ಹರಿದುಹೋಗುತ್ತದೆ. ಆ ಕಡೆಯ ಮನೆಮನೆಗೂ ಗೊತ್ತಿದ್ದ ಪದ್ಧತಿ. ಜಂಬವ್ವನ ಮುಖ ಸಡಿಲಾಯಿತು. ಹೋಗಲಿ, ತನ್ನ ಅಳು ದಂಡವಾಗಲಿಲ್ಲ. ಆದರೆ ಬೆಂಚಿನ ಮೇಲೆ ಕೂತು ನೀರು ಕುಡಿದವಳು ಇನ್ನೊಂದು ಮಾತು ತೆಗೆದಳು.

"ಸತ್ತಾಳ ಅಂದ ಬಾಯಿನ ಹೊಳ್ಳಿ ಬಂದು ಬದುಕ್ಯಾಳ ಅನಬೇಕು. ಅಲ್ಲೀಮಟ ದೋಷ ಹೋಗಂಗಿಲ್ಲ. ಅವ ಬರೋಮಟ ನಾ ಇಲ್ಲೇ ಇರತೀನಿ."

ಹೀಗೆ ಮಗನ ಸುಳ್ಳು ಮುಚ್ಚಲು ಹೋಗಿ ದುರ್ಗಕ್ಕ ಮನೆಯೊಳಗೆ ಅಕ್ಕನನ್ನು ಇಟ್ಟುಕೊಂಡಳು. ಜಂಬವ್ವ ಉಪ್ಪು ಕಡಿಮೆ ಎನ್ನುವಳು, ಕಡಲೆ ಹಿಟ್ಟು ತೆಳ್ಳಗಾಯಿತು ಎನ್ನುವಳು, ಗಿರಾಕಿಗಳಿಗೆ ಕಂಪ್ಲಿಯ ಮಿರ್ಚಿಯ ಹಿರಿಮೆ ಹೇಳುವಳು. ಸತ್ತಿದ್ದರೇ ಚೆನ್ನಾಗಿತ್ತು ಎಂದು ದುರ್ಗಕ್ಕನಿಗೆ ಒಂದೆರಡು ಸಲ ಅನಿಸಿತು. ಆದರೂ ಬಸ್ಸಿನಿಂದ ಇಳಿದಾಗ ಅಕ್ಕ ಅತ್ತ ಅಳು ನೆನಪಾದರೆ ಬಾಯಿಗೆ ಬಂದ ಬೈಗುಳ ಹಾಗೇ ಒಳಗೆ ಹೋಗುತ್ತಿತ್ತು. ತನಗಾಗಿ ಯಾರೋ ಅಷ್ಟು ಅತ್ತದ್ದನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಓಬಳೇಶ ಸುಮ್ಮನಿರಲಿಲ್ಲ. ಅಕ್ಕ ಅತ್ತದ್ದು, ತಂಗಿ ಕಾಗೆಯ ಕತೆ ಹೇಳಿದ್ದು, ಎರಡನ್ನೂ ಸೇರಿಸಿ ಫೋನಿನಲ್ಲಿ ಬಿಟ್ಟ. ಅದು ಊರೂರು ತಿರುಗಿ ಬಂಗಲೆಯವರ ಕಣ್ಣಿಗೆ ಬಿತ್ತು. ಮಗನ ಸುಳ್ಳು ಹೊರಬಿತ್ತೆಂದು ಅವರು ಹೆದರಬೇಕಿತ್ತು, ಹಬ್ಬ ಮಾಡಿದರು. ತಾಯಿಯ ಆಯುಷ್ಯಕ್ಕಾಗಿ ಸುಳ್ಳು ಹೇಳಿದ ಮಗ! ಅದಕ್ಕಿಂತ ಒಳ್ಳೆಯ ಸ್ಟೋರಿ ಎಲ್ಲಿದೆ? ವಾರದೊಳಗೆ ಎರಡು ಬಿಳಿ ಗಾಡಿಗಳು ಹೋಟೆಲಿನ ಮುಂದೆ ನಿಂತವು. ಕೊಡೆ, ದೀಪ, ಕ್ಯಾಮೆರಾ, ಮೇಡಂ, ಕೊನೆಗೆ ಕಿರಣ್.

ಕಿರಣ್ ಇಳಿದೊಡನೆ ಅವ್ವನ ಕಡೆ ಎರಡು ಹೆಜ್ಜೆ ಇಟ್ಟ. "ಈಗಲೇ ಬೇಡ, ಕ್ಯಾಮೆರಾ ರೆಡಿ ಇಲ್ಲ," ಎಂದು ಮೇಡಂ ಕೂಗಿದಳು. ಅವನು ಹಿಂದಕ್ಕೆ ಹೋಗಿ ಗಾಡಿಯಲ್ಲಿ ಕೂತ. ದುರ್ಗಕ್ಕನ ಮೈಯೆಲ್ಲ ಉರಿಯಿತು. ಹೆತ್ತ ಮಗ ಅವ್ವನ ಹತ್ತಿರ ಬರಲು ಯಂತ್ರದ ಅಪ್ಪಣೆ ಬೇಕಾಯಿತೆ?

ಅಪ್ಪಣೆ ಸಿಕ್ಕ ಮೇಲೆ ಅವನು ಓಡಿ ಬಂದು ಕಾಲು ಹಿಡಿದ. ಹಿಡಿದದ್ದು ಸರಿಯಾಗಿ ಬರಲಿಲ್ಲವೆಂದು ಮತ್ತೆ ಹೋಗಿ ಮತ್ತೆ ಓಡಿ ಬಂದ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಹೇಳಿದ: "ನನ್ನ ಅಮ್ಮ ಬದುಕಿದ್ದಾರೆ! ಅವರ ಆಯುಷ್ಯ ಗಟ್ಟಿಯಾಗಲಿ ಅಂತ ಎದೆ ಕಲ್ಲು ಮಾಡ್ಕೊಂಡು ನಾನೇ ಆ ಸುಳ್ಳು ಹೇಳಿದ್ದೆ!" ಕಣ್ಣಲ್ಲಿ ನೀರೂ ಬಂತು. ಅದು ಬರಬೇಕಾದ ಹೊತ್ತಿಗೇ ಬಂತು.

ಜಂಬವ್ವನಿಗೆ ಇನ್ನೊಂದು ಸಲ ಬಸ್ಸಿನಿಂದ ಇಳಿದು ಅಳಲು ಹೇಳಿದರು. "ಅತ್ತದ್ದು ಆತು. ಕರೆಂಟ್ ಮೋಟ್ರೇನು ನಾನು, ಗುಂಡಿ ಒತ್ತಿದ್ರ ನೀರು ಬರಾಕ?" ಎಂದು ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಡಂ ದುರ್ಗಕ್ಕನ ಪಕ್ಕ ಬಂದು ಕೂತಳು. ಒಳ್ಳೆಯ ಮಾತಿನ ಹುಡುಗಿ. "ಮಿರ್ಚಿ ನೀವೇ ಮಾಡಿದ್ದಾ ಅಮ್ಮ?" ಎಂದಳು. "ಹೌದ್ರಿ, ನಾನ," ಎಂದಳು ದುರ್ಗಕ್ಕ. ಮೇಡಂ ಮತ್ತೆ ಕೇಳಿದಳು: "ನಿಮಗೆ ಕಾಗೆ ಮುಟ್ಟಿತ್ತಲ್ವಾ ಅಮ್ಮ?"

ದುರ್ಗಕ್ಕ ಮಗನನ್ನು ನೋಡಿದಳು. ಅವನು ಹೂಂ ಎನ್ನು, ಹೂಂ ಎನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಬೀದಿಯ ಮುಂದೆ ಮಗನ ಮಾನ ಉಳಿಸಲು ಹೇಳಿದ ಸುಳ್ಳು ಈಗ ಅವನ ಅನ್ನವಾಗಿತ್ತು. ಇನ್ನೊಮ್ಮೆ ಹೂಂ ಎಂದರೆ ಇವನು ಜನ್ಮಕ್ಕೆ ಖರೆ ಮಾತು ಆಡಲಾರ ಎಂದು ಆಕೆಗೆ ಅನಿಸಿತು.

"ಇಲ್ರಿ. ಯಾವ ಕಾಗಿನೂ ಮುಟ್ಟಿಲ್ಲ. ನಾಕು ಮಂದಿ ಮುಂದ ಮಗನ ಮಾನ ಹೋಗತೈತಿ ಅಂತ ನಾ ಸುಳ್ಳು ಹೇಳಿದೆ. ಇವ ನಿಮ್ಮ ವೋಟಿಗೋಸ್ಕರ ಸುಳ್ಳು ಹೇಳಿದ. ಇಬ್ಬರದೂ ತಪ್ಪು. ಇದನ್ನ ಹಾಕ್ರಿ ನಿಮ್ಮ ಫೋನಿನ್ಯಾಗ."

ಕಿರಣ್ ತಲೆ ಮೇಲೆ ಕೈಯಿಟ್ಟುಕೊಂಡ. ಮೇಡಂಗೆ ಮಾತ್ರ ಏನೂ ಆಗಲಿಲ್ಲ. "ಸೂಪರ್ ಅಮ್ಮ, ಎಷ್ಟು ಸಹಜವಾಗಿ ಮಾತಾಡ್ತೀರಾ," ಎಂದು ನಕ್ಕು, ಬಿಲ್ಲು ಕೊಟ್ಟು, ಕಿರಣನನ್ನು ಗಾಡಿ ಹತ್ತಿಸಿದಳು.

ಆ ಸಂಜೆ ದುರ್ಗಕ್ಕ ಅಕ್ಕನಿಗೆ, ಕಾಗೆ ಮುಟ್ಟಿರಲಿಲ್ಲ ಎಂದು ಒಪ್ಪಿಕೊಂಡಳು.

"ಗೊತ್ತಿತ್ತು ಬಿಡು. ನಿನ್ನ ಹತ್ರ ಬರಾಕ ಕಾಗೀನ ಅಂಜತೈತಿ," ಎಂದಳು ಜಂಬವ್ವ.

"ಮತ್ತ ಯಾಕ ಕುಂತೀ ಇಲ್ಲಿ?"

"ಕಾಗಿ ಸುಳ್ಳಾದ್ರೂ ಅವನ ಬಾಯಾಗ ಸತ್ತಾಳ ಅನ್ನೋ ಮಾತು ಬಂದದ್ದು ಸುಳ್ಳಲ್ಲಲ್ಲ? ಇವತ್ತು ಅವ ಹೇಳಿದ್ದು ಆ ಕ್ಯಾಮೆರಾ ಡಬ್ಬಿಗೆ. ನಿನಗಲ್ಲ, ನನಗಲ್ಲ. ಅದು ಲೆಕ್ಕಕ್ಕ ಬರಂಗಿಲ್ಲ."

ಅಕ್ಕ ಮೊದಲ ಸಲ ಸರಿಯಾದ ಮಾತು ಆಡಿದ್ದಳು.

ಆ ಭಾಗ ಪ್ರಸಾರವಾದಾಗ ಓಬಳೇಶನ ಅಂಗಡಿಯ ಮುಂದೆ ಅರ್ಧ ಊರು ಸೇರಿತ್ತು. ಮೇಡಂ ಕೇಳಿದಳು, "ನಿಮಗೆ ಕಾಗೆ ಮುಟ್ಟಿತ್ತಲ್ವಾ ಅಮ್ಮ?" ಪರದೆಯ ಮೇಲಿನ ದುರ್ಗಕ್ಕ ಹೇಳಿದಳು, "ಹೌದ್ರಿ." ಕೊಳಲು ಊದಿತು. ಮಿರ್ಚಿಯ ಮಾತಿಗೆ ಕೊಟ್ಟ ಉತ್ತರವನ್ನು ಕತ್ತರಿಸಿ ತಂದು ಕಾಗೆಗೆ ಹೊಲಿದಿದ್ದರು. ಜನ ಚಪ್ಪಾಳೆ ತಟ್ಟಿದರು. ನಾನು ಹಾಗೆ ಹೇಳಿಲ್ಲ, ಇಲ್ಲ ಎಂದಿದ್ದೆ, ನೀವೆಲ್ಲ ಅಲ್ಲೇ ನಿಂತು ಕೇಳಿದ್ದಿರಿ ಎಂದು ದುರ್ಗಕ್ಕ ಗಂಟಲು ಹರಿಯುವಂತೆ ಕೂಗಿದಳು. "ಈಗ ನೀನ ಹೌದು ಅಂದ್ಯಲ್ಲಕ್ಕ, ನಾವು ನೋಡಿದಿವಿ," ಎಂದರು. ಎದುರಿಗೆ ನಿಂತವಳಿಗಿಂತ ಪರದೆಯ ಮೇಲಿನವಳ ಮಾತು ಅವರಿಗೆ ಗಟ್ಟಿ. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಇಷ್ಟೆಲ್ಲ ಆಗಿಯೂ ಕಿರಣ್ ಗೆಲ್ಲಲಿಲ್ಲ. ಇನ್ನೊಬ್ಬ ಹುಡುಗ ತಾನು ಅನಾಥಾಶ್ರಮದಲ್ಲಿ ಬೆಳೆದವನೆಂದ. ಅವನ ಮುಂದೆ ಬದುಕಿ ಬಂದ ಅವ್ವ ಯಾವ ಲೆಕ್ಕ? ಶ್ರೀವಾಣಿ ಅವನ ಕೈ ಹಿಡಿದಳು. ಒಂದು ದಿನ ಮಧ್ಯಾಹ್ನ ದುರ್ಗಕ್ಕನ ಫೋನು ಬಡಿದುಕೊಂಡಿತು.

"ಅವ್ವ, ನಾನು."

"ಯಾರ್ರಿ ಮಾತಾಡೋದು? ದುರ್ಗಕ್ಕ ತೀರಿಕೊಂಡು ಭಾಳ ದಿನ ಆತ್ರಿ."

"ಅವ್ವ, ಹಂಗ ಅನಬ್ಯಾಡ. ಹೊರಗ ಹಾಕಿದ್ರು. ಬರಲೇನು?" ಅವನು ಅಳತೊಡಗಿದ. ಬಾ ಎನ್ನಬೇಕೆಂದು ದುರ್ಗಕ್ಕನಿಗೆ ಅನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಅಳಬ್ಯಾಡ. ಮೊದ್ಲ ಇದನ್ನ ಹೇಳು, ಅಲ್ಲಿ ಕ್ಯಾಮೆರಾ ಐತೇನು?"

"ಇಲ್ಲವ್ವ."

ನಂಬಬೇಕೋ ಬೇಡವೋ ಆಕೆಗೆ ತಿಳಿಯಲಿಲ್ಲ. ಹೆತ್ತ ಮಗ ಅತ್ತರೆ ಯಾಕೆ ಅತ್ತ ಎಂದು ಗೊತ್ತಾಗದಂತಾಯಿತಲ್ಲ. ಎಲ್ಲಕ್ಕಿಂತ ಅದೇ ಆಕೆಗೆ ಹೆಚ್ಚು ನೋವಾಯಿತು. "ಬರೋದಿದ್ರ ಬಾ," ಎಂದು ಫೋನು ಇಟ್ಟಳು.

ಮರುದಿನ ಗಿರಾಕಿ ತುಂಬಿದ್ದ ಹೊತ್ತಿನಲ್ಲಿ ಕಿರಣ್ ಹೊಸಪೇಟೆ ಬಸ್ಸಿನಿಂದ ಇಳಿದ. ಹಿಂದೆ ಗಾಡಿ ಇರಲಿಲ್ಲ, ಕೊಡೆ ಇರಲಿಲ್ಲ. ಹೆಗಲಿಗೆ ಒಂದು ಚೀಲ. ಹೋಟೆಲಿನ ಮುಂದೆ ಬಂದು ನಿಂತ. ದುರ್ಗಕ್ಕ ತಲೆ ಎತ್ತದೆ, "ಬರ್ರಿ, ಕುಂದ್ರಿ. ವಗ್ಗರಣಿ ಕೊಡ್ಲೇನ್ರಿ?" ಎಂದಳು. ಹುಟ್ಟಿದಾಗಿನಿಂದ ಲೇ ಎಂದು ಕರೆಸಿಕೊಂಡವನಿಗೆ ಆ 'ರಿ' ಕಪಾಳಕ್ಕೆ ಬಿದ್ದಂತಾಯಿತು.

"ಅಲ್ಲೇ ನಿಂದ್ರು," ಎಂದಳು ಒಳಗಿನಿಂದ ಬಂದ ಜಂಬವ್ವ. "ಮೊದ್ಲ ಹೇಳು. ಆಮ್ಯಾಲ ಒಳಗ."

ಅವನು ತಗ್ಗಿದ ದನಿಯಲ್ಲಿ ಏನೋ ಅಂದ. "ಸತ್ತಾಳ ಅಂದಾಗ ಊರಿಗೆಲ್ಲ ಕೇಳಂಗ ಅಂದಿದ್ದಿ," ಎಂದಳು ದೊಡ್ಡವ್ವ.

ಕಿರಣ್ ರಸ್ತೆಯ ಕಡೆ ತಿರುಗಿದ. "ನಮ್ಮವ್ವ ಸತ್ತಿಲ್ಲ. ಆಕೀಗೆ ಕಾಗಿನೂ ಮುಟ್ಟಿಲ್ಲ. ಮಂದಿ ನನ್ನ ನೋಡ್ಲಿ ಅಂತ ಸುಳ್ಳು ಹೇಳಿದೆ. ಆಕಿ ಕೈಯಾಗ ಉಂಡು ಬೆಳದಾವ ನಾನು." ಕಣ್ಣಲ್ಲಿ ನೀರಿರಲಿಲ್ಲ. ಮಾತು ತೊದಲಿತು, ನಡುವೆ ನಿಂತಿತು, ಮತ್ತೆ ಹೊರಟಿತು.

ಬೆಂಚಿನ ಮೇಲಿದ್ದವರೆಲ್ಲ ಎದ್ದಿದ್ದರು. ಎಲ್ಲರ ಕೈಯಲ್ಲೂ ಫೋನು. ಓಬಳೇಶ ಮುಂದೆ ನುಗ್ಗಿ, "ಕಿರಣ್ಯಾ, ಇನ್ನೊಂದು ಸಲ ಹೇಳಲೇ, ರೆಕಾರ್ಡ್ ಆಗಲಿಲ್ಲ. ಒಂಚೂರು ಈ ಕಡಿ ತಿರುಗು, ಬೆಳಕು ಚಲೋ ಐತಿ," ಎಂದ.

ಕಿರಣನ ಕೈ ತಾನಾಗಿ ಮೇಲೆದ್ದು ಕೂದಲು ಸರಿಮಾಡಿಕೊಳ್ಳಲು ಹೋಯಿತು. ದುರ್ಗಕ್ಕ ಅದನ್ನು ನೋಡಿದಳು. ಮುಗಿಯಿತು, ಇವನು ಇಷ್ಟೇ ಎಂದುಕೊಂಡಳು. ಕೈ ಹಣೆಯವರೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಇಲ್ಲ ಓಬಳೇಶಣ್ಣ. ಅಷ್ಟ," ಎಂದು ಅವನು ಬೆನ್ನು ತಿರುಗಿಸಿದ.

ದುರ್ಗಕ್ಕ ಒಲೆ ಸಣ್ಣದು ಮಾಡಿದಳು. "ಹೋಗಲೇ, ಜಳಕ ಮಾಡು. ಸೂತಕದ ಮೈಯಾಗ ಒಲಿ ಹತ್ರ ಬರಬ್ಯಾಡ."

ಲೇ ಎಂದದ್ದು ಕೇಳಿ ಜಂಬವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕಂಪ್ಲಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಆಟೋದವನನ್ನು ಕೇಳಿದಳು. "ಕುಂದ್ರು, ಉಂಡು ಹೋಗು," ಎಂದು ದುರ್ಗಕ್ಕ ಗದರಿದಳು.

ತಲೆಯಿಂದ ನೀರು ಇಳಿಯುತ್ತಿದ್ದಂತೆಯೇ ಮಗ ಒಳಗೆ ಬಂದು ಮಣೆಯ ಮೇಲೆ ಕೂತ. ದುರ್ಗಕ್ಕ ಬಾಗಿಲು ಮುಂದಕ್ಕೆ ಎಳೆದಳು. ರೊಟ್ಟಿ ಮುರಿದು, ಹಸಿಮೆಣಸಿನಕಾಯಿ ಚಟ್ನಿಯನ್ನು ಬೇಕಂತಲೇ ಹೆಚ್ಚು ಹಚ್ಚಿ, ತುತ್ತು ಮಾಡಿ ಬಾಯಿಗೆ ಹಿಡಿದಳು.

"ಕೈತುತ್ತು ಹೆಂಗಿರತೈತಿ ಗೊತ್ತಿಲ್ಲ ಅಂದಿದ್ದಿಯಲ್ಲ. ತಿಂದು ನೋಡು."

"ಭಾಳ ಖಾರ ಐತವ್ವ."

"ಇರಲಿ. ಕಣ್ಣಾಗ ನೀರು ಬಂದ್ರ ಬರಲಿ. ಇಲ್ಲಿ ಯಾರೂ ನೋಡೋರಿಲ್ಲ."

ಅವನು ಬಾಯಿ ತೆರೆದ.